ಹದಿನಾಲ್ಕು ಡ್ರಮ್ಮಿನ ಉಪ್ಪುನೀರು

ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಆರು ವರ್ಷ ಹೇಳಲಿಲ್ಲ. ಕೆನಡಾಕ್ಕೆ ಹೋಗಿ ಬಂದದ್ದನ್ನು ಬರೆದುಕೊಡಿ ಎಂದು ನಮ್ಮ ಸಂಘದ ಹೆಂಗಸರು ನೋಟ್‌ಬುಕ್ಕು ತಂದಿಟ್ಟು ಹೋಗಿದ್ದಾರೆ. ಬರೆಯಲು ಕೂತರೆ ಆ ಹೇಳದ ಮಾತೇ ಬಂದು ಅಡ್ಡ ನಿಲ್ಲುತ್ತದೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ನಾರಾವಿಯಲ್ಲಿ ನನ್ನದು ಉಪ್ಪಿನಕಾಯಿ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದೆ. ಬೆನ್ನು ಸೋತ ಮೇಲೆ ಮಾವಿನಕಾಯಿಗೆ ಬಂದೆ. ಬೇಸಿಗೆಯಲ್ಲಿ ಕಾಡುಮಾವಿನ ಮಿಡಿಯನ್ನು ಡ್ರಮ್ಮುಗಳಲ್ಲಿ ಉಪ್ಪಿಗೆ ಹಾಕಿಟ್ಟು, ವರ್ಷವಿಡೀ ಮಸಾಲೆ ಅರೆದು ಮೂಡಬಿದಿರೆ, ಗುರುವಾಯನಕೆರೆಯ ಹೋಟೆಲುಗಳಿಗೆ ಕೊಡುತ್ತೇನೆ. ಆ ವರ್ಷ ಎಲ್ಲಿ ತಪ್ಪಿತೋ, ಹದಿನಾಲ್ಕು ಡ್ರಮ್ಮಿನ ಮಿಡಿ ಮೆತ್ತಗಾಗಿ ಹೋಯಿತು. ಮಿಡಿಯನ್ನು ಗುಂಡಿಗೆ ಹಾಕಿದೆ. ಉಪ್ಪುನೀರು ಉಳಿಯಿತು. ಹಾಳಾದ ಉಪ್ಪುನೀರನ್ನು ತೆಂಗಿನ ಬುಡಕ್ಕೆ ಹೊಯ್ಯುವುದು ನಮ್ಮಲ್ಲಿ ರೂಢಿ, ತೆಂಗಿಗೆ ಉಪ್ಪು ಒಳ್ಳೆಯದು. ಆದರೆ ನಮ್ಮ ತೆಂಗಿನ ಮರಗಳಿರುವುದು ಗುಡ್ಡದ ಮೇಲೆ. ಹದಿನಾಲ್ಕು ಡ್ರಮ್ಮನ್ನು ಕೊಡಪಾನದಲ್ಲಿ ಹೊತ್ತು ಹತ್ತಿಸುವ ತ್ರಾಣ ನನ್ನಲ್ಲಿರಲಿಲ್ಲ. ಮಾರ್ಚ್ ತಿಂಗಳು, ನನ್ನ ಉಪ್ಪಿನಕಾಯಿ ಶೆಡ್ಡಿನ ಹಿಂದಿನ ತೋಡು, ಮಳೆಗಾಲದಲ್ಲಷ್ಟೇ ಹರಿಯುವ ಸಣ್ಣ ಹಳ್ಳ, ಒಣಗಿ ಬಿರುಕು ಬಿಟ್ಟಿತ್ತು. ಮಣ್ಣು ಕುಡಿದುಕೊಳ್ಳುತ್ತದೆ ಎಂದು ಒಂದೊಂದಾಗಿ ಎಲ್ಲವನ್ನೂ ತೋಡಿಗೆ ಬಗ್ಗಿಸಿದೆ.

ಆ ತೋಡು ಹೋಗಿ ಸೇರುವುದು ಮದಕಕ್ಕೆ. ಗುಡ್ಡದ ಮಳೆನೀರು ನಿಲ್ಲುವ ಹಳೆಯ ಕೆರೆಗೆ ನಾವು ಮದಕ ಎನ್ನುತ್ತೇವೆ. ನನ್ನ ತಮ್ಮ ಜಗದೀಶ ಆಗ ಕಾಲೇಜಿನಲ್ಲಿ ಓದುತ್ತಿದ್ದ. ಓದಿನ ಕೆಲಸಕ್ಕೆಂದು ಎರಡು ವರ್ಷದಿಂದ ಆ ಮದಕದ ಕಪ್ಪೆಗಳನ್ನು ಎಣಿಸುತ್ತಿದ್ದ. ಮೊದಲ ಮಳೆಗೆ ತೋಡು ಹರಿಯಿತು. ಆ ಮಳೆಗೇ ಕಪ್ಪೆಗಳೂ ಮೊಟ್ಟೆ ಇಡಲು ಇಳಿದವು. ಅರ್ಧ ಮೊಟ್ಟೆ ಒಡೆಯಲಿಲ್ಲ. ಒಡೆದ ಗೊದಮೊಟ್ಟೆಗಳು ಎರಡು ದಿನ ಈಜಿ ಹೊಟ್ಟೆ ಮೇಲಾದವು.

ತೋಡಿನ ಆಚೆ ದಡದಲ್ಲಿ ಲಾಜರ್ ಪೊರ್ಬುಗಳ ರಬ್ಬರ್ ಶೆಡ್ಡು. ಕ್ರಿಶ್ಚಿಯನ್ ಹಿರಿಯರನ್ನು ನಾವು ಪೊರ್ಬುಗಳು ಎಂದೇ ಕರೆಯುವುದು. ಅವರು ರಬ್ಬರ್ ಹಾಲಿಗೆ ಆಸಿಡ್ ಹಾಕಿ, ಹೆಪ್ಪಾದ ಮೇಲೆ ಒತ್ತಿ ಶೀಟು ಮಾಡುತ್ತಿದ್ದರು. ತೊಳೆದ ನೀರು ತೋಡಿಗೇ ಹೋಗುತ್ತಿತ್ತು. ಕಪ್ಪೆ ಸತ್ತದ್ದು ಆ ನೀರಿಗೇ ಎಂದು ಜಗದೀಶ ಹಾಲಿನ ಡೈರಿಯ ಎದುರು, ಕ್ಯಾನು ಹಿಡಿದು ನಿಂತಿದ್ದ ಜನರ ಮುಂದೆ, ಅವರನ್ನು ತಡೆದು ನಿಲ್ಲಿಸಿ ಬಾಯಿಗೆ ಬಂದಂತೆ ಬೈದ. ಪೊರ್ಬುಗಳು ತಲೆ ತಗ್ಗಿಸಿ ಮನೆಯ ಕಡೆ ನಡೆದರಂತೆ. ಆ ಸಂಜೆ ಅವನು ನನ್ನನ್ನೂ ಕೇಳಿದ.

“ಅಕ್ಕ, ನಿನ್ನ ಹಾಳಾದ ಉಪ್ಪುನೀರು ಎಲ್ಲಿಗೆ ಹೊಯ್ದದ್ದು?”

“ತೆಂಗಿನ ಬುಡಕ್ಕೆ,” ಎಂದೆ.

ಅವನು ನಂಬಿದ. ಮರುವರ್ಷ ಕೆನಡಾಕ್ಕೆ ಹೋದ. ಎರಡು ಮಳೆಗಾಲ ಕಳೆಯುವಾಗ ಮದಕದಲ್ಲಿ ಕಪ್ಪೆ ಮತ್ತೆ ಕೂಗಿತು. ಇನ್ನು ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವರ್ಷಕ್ಕೊಮ್ಮೆ ದೇವಸ್ಥಾನದ ಡಬ್ಬಿಗೆ ತಪ್ಪುಕಾಣಿಕೆ ಹಾಕಿ ಕೈಮುಗಿದು ಬರುತ್ತಿದ್ದೆ.

ಗುರುವಾಯನಕೆರೆ

ಆರನೇ ವರ್ಷದ ಫೆಬ್ರವರಿ ಕೊನೆಗೆ ಜಗದೀಶನ ಫೋನು ಬಂತು. ಮನೆ ಬಾಗಿಲಲ್ಲೇ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಒಬ್ಬನೇ ಇರುವವನು. ಹಿಂದಿನ ವರ್ಷ ಅವನೇ ಒತ್ತಾಯ ಮಾಡಿ ನನ್ನ ಪಾಸ್‌ಪೋರ್ಟು, ವೀಸಾ ಮಾಡಿಸಿಟ್ಟಿದ್ದ. ನಾನು ಏನೇನೋ ನೆವ ಹೇಳಿ ಹೊರಟಿರಲಿಲ್ಲ. ಈಗ ನೆವ ಇರಲಿಲ್ಲ.

ಕಾಲುಚೀಲ ಕೊಳ್ಳಲು ಗುರುವಾಯನಕೆರೆಗೆ ಹೋದೆ. ಉಣ್ಣೆಯದ್ದು ಬೇಕು ಎಂದರೆ ಅಂಗಡಿಯವರು ನಕ್ಕರು.

“ಇಲ್ಲಿ ಚಳಿಗೆ ಯಾರಕ್ಕ ಗಿರಾಕಿ? ಶಾಲೆ ಮಕ್ಕಳ ಬಿಳಿ ಸಾಕ್ಸ್ ಉಂಟು. ಒಂದರ ಮೇಲೆ ಒಂದು ಹಾಕಿ. ಎಲ್ಲಿಗೆ, ಊಟಿಗಾ?”

“ಕೆನಡಾಕ್ಕೆ.”

“ಹಾಗಾದರೆ ಮೂರು ಜೊತೆ ಕೊಡ್ತೇನೆ,” ಎಂದರು.

ಮೂರನ್ನೂ ಒಂದರ ಮೇಲೊಂದು ಹಾಕಿಕೊಂಡೇ ವಿಮಾನ ಹತ್ತಿದೆ. ಅರ್ಧ ದಾರಿಯಲ್ಲಿ ಕಾಲು ಊದಿ ಚಪ್ಪಲಿಗೆ ಹೋಗಲಿಲ್ಲ. ದೊಡ್ಡ ದೊಡ್ಡ ನಿಲ್ದಾಣಗಳ ಹೊಳೆಯುವ ನೆಲದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ಶಾಲೆ ಮಕ್ಕಳ ಸಾಕ್ಸಿನಲ್ಲಿ ನಡೆದೆ. ಯಾರೂ ತಿರುಗಿ ನೋಡಲಿಲ್ಲ. ನಮ್ಮ ಬಂಟ್ವಾಳ ಬಸ್ ಸ್ಟ್ಯಾಂಡಿನಲ್ಲಾಗಿದ್ದರೆ ನಾಲ್ಕು ಜನ ಬಂದು ಕಾಲಿಗೆ ಏನಾಯಿತು ಎಂದು ಕೇಳುತ್ತಿದ್ದರು.

ಮಾರ್ಗರೆಟ್ ಅಮ್ಮನ ಮನೆ

ಜಗದೀಶ ಇರುವುದು ಒಂದು ಸಣ್ಣ ಪೇಟೆಯಲ್ಲಿ, ಒಂದು ಮನೆಯ ಕೆಳ ಅಂತಸ್ತಿನಲ್ಲಿ. ಅರ್ಧ ಮನೆ ನೆಲದ ಒಳಗೆ. ಕಿಟಕಿಯಿಂದ ನೋಡಿದರೆ ಹೊರಗಿನವರ ಕಾಲು ಮಾತ್ರ ಕಾಣುತ್ತದೆ. ಮೇಲೆ ಮಾರ್ಗರೆಟ್ ಎಂಬ ಒಂಟಿ ಮುದುಕಿ. ನಾನು ಅವರನ್ನು ಮಾರ್ಗರೆಟ್ ಅಮ್ಮ ಎಂದರೆ ಜಗದೀಶ ನಗುತ್ತಿದ್ದ. ಹೆಸರು ಹಿಡಿದೇ ಕರೆಯಬೇಕಂತೆ. ಎಂಬತ್ತು ದಾಟಿದವರನ್ನು ಬರೀ ಹೆಸರಿನಿಂದ ಕರೆಯಲು ನನಗೆ ನಾಲಗೆ ಬಾರದು.

ಅಲ್ಲಿಯವರಿಗೆ ‘ಸಾರಿ’ ಎಂಬ ಮಾತು ಉಸಿರಾಡಿದಷ್ಟು ಸಲೀಸು. ಅಂಗಡಿಯಲ್ಲಿ ನಾನು ಒಬ್ಬರ ಕಾಲು ತುಳಿದೆ, ಅವರೇ ಸಾರಿ ಎಂದರು. ಬಾಗಿಲು ಹಿಡಿದು ನಿಂತವರು ಸಾರಿ ಎನ್ನುತ್ತಾರೆ, ದಾಟಿ ಹೋದವರೂ ಸಾರಿ ಎನ್ನುತ್ತಾರೆ. ಮೊದಲ ವಾರ ನನಗೆ ನಗು ಬರುತ್ತಿತ್ತು. ಆಮೇಲೆ ಅದನ್ನು ಕೇಳಿದಾಗೆಲ್ಲ ಎಲ್ಲೋ ಒಳಗೆ ಚುಚ್ಚಲು ತೊಡಗಿತು.

ಗಂಜಿ ಬೇಯಿಸುವುದು, ಅವನ ಅಂಗಿಯ ಗುಂಡಿ ಹಾಕುವುದು, ಶೂಸಿನ ದಾರ ಕಟ್ಟುವುದು, ಇಷ್ಟೇ ನನ್ನ ಕೆಲಸ. ಬೆಳಗ್ಗೆ ಎಂಟು ಗಂಟೆಗೂ ಬೆಳಕು ಮಂಕು. ಹೊರಗೆ ಬಿಳಿ, ಒಳಗೆ ಹೀಟರಿನ ಗುಂಯ್ ಸದ್ದು. ಏನೂ ಮಾಡದೆ ಆಯಾಸವಾಗುವುದು ಹೇಗೆಂದು ಅಲ್ಲಿ ನೋಡಿದೆ.

ಅಂಗಳದ ಉಪ್ಪು

ಮಾರ್ಚ್ ಕೊನೆಯ ಒಂದು ಬೆಳಗ್ಗೆ ಮತ್ತೆ ಹಿಮ ಬಿದ್ದಿತ್ತು. ರಸ್ತೆಯಲ್ಲಿ ಒಂದು ಲಾರಿ ಹಿಂಬದಿಯಿಂದ ಏನನ್ನೋ ಎರಚುತ್ತಾ ಹೋಯಿತು. ಎದುರು ಮನೆಯವರು ಡಬ್ಬಿಯಿಂದ ಮೆಟ್ಟಿಲಿಗೆ ಎರಚುತ್ತಿದ್ದರು; ಬಿದ್ದಲ್ಲೆಲ್ಲ ಮಂಜು ಕರಗುತ್ತಿತ್ತು. ಮಾರ್ಗರೆಟ್ ಅಮ್ಮನ ಶೆಡ್ಡಿನಲ್ಲಿ ಅದೇ ತರದ ಹರಳಿನ ಒಂದು ಚೀಲ ನೋಡಿದ್ದೆ. ಬಿಚ್ಚಿ ಒಂದು ಹರಳು ನಾಲಗೆಗೆ ಇಟ್ಟೆ. ಉಪ್ಪಿನ ಚೀಲ ಕಂಡರೆ ರುಚಿ ನೋಡದೆ ಬಿಡಲಾರೆ, ಅದು ಕಸುಬಿನ ಚಾಳಿ. ಉಪ್ಪೇ ಹೌದು. ಆದರೆ ಕೊಳಕು ಉಪ್ಪು, ಸ್ವಲ್ಪ ಕಹಿ. ನಾನಾದರೆ ಮಿಡಿಗೆ ಹಾಕಲಾರೆ.

ಜಗದೀಶ ಇನ್ನೊಮ್ಮೆ ಜಾರುವುದು ಬೇಡ ಎಂದು ಕೆಲಸಕ್ಕೆ ಇಳಿದೆ. ಮೆಟ್ಟಿಲು, ಅಂಗಳ, ಕಾರು ನಿಲ್ಲುವ ಜಾಗ. ನನ್ನ ಕೈಗೆ ಗೊತ್ತಿರುವುದು ಒಂದೇ ವಿಧಾನ: ಒಂದು ಪದರ ಮಿಡಿ, ಮುಚ್ಚುವಷ್ಟು ಉಪ್ಪು. ಹಾಗೆಯೇ ಹಾಕಿದೆ. ಚೀಲ ಖಾಲಿಯಾಯಿತು. ಬಿಸಿಲೇರುವಾಗ ಅಂಗಳ ತೊಳೆದ ಹಾಗೆ ಕಪ್ಪಗೆ ಕಾಣುತ್ತಿತ್ತು. ಬಹಳ ದಿನಗಳ ಮೇಲೆ ಒಂದು ಕೆಲಸ ಚೆನ್ನಾಗಿ ಮಾಡಿದೆ ಅನಿಸಿತು.

ಮಾರ್ಗರೆಟ್ ಅಮ್ಮ ಕಿಟಕಿ ತೆರೆದು ಕೈ ಆಡಿಸಿ ಏನೇನೋ ಹೇಳಿದರು. ನಾನು ಹೊಗಳುತ್ತಿದ್ದಾರೆ ಎಂದುಕೊಂಡು “ಥ್ಯಾಂಕ್ಯೂ, ಥ್ಯಾಂಕ್ಯೂ” ಎಂದೆ. ಮಧ್ಯಾಹ್ನ ಜಗದೀಶ ಬಂದವನು ಅಂಗಳದಲ್ಲೇ ನಿಂತುಬಿಟ್ಟ.

“ಅಕ್ಕ, ಇದು ಯಾರ ಕೆಲಸ?”

“ನಂದೇ. ಜಾರ್ತದಾ ನೋಡು ಈಗ.”

“ಮಾರಾಯ್ತಿ, ಈ ಅಂಗಳಕ್ಕೆ ಒಂದು ಕಾಫಿ ಲೋಟದಷ್ಟು ಸಾಕು. ನೀನು ಒಂದು ಚೀಲ ಹೊಯ್ದಿದ್ದಿ. ಉಪ್ಪಿನಕಾಯಿ ಹಾಕುವುದಾ ಮಾರ್ಗರೆಟ್ಟಿನ ಅಂಗಳವನ್ನು?”

“ಹೆಚ್ಚಾದರೆ ಎಂತ ಆಗ್ತದೆ? ನೀರಿನೊಟ್ಟಿಗೆ ಹೋಗ್ತದೆ.”

“ಎಲ್ಲಿಗೆ ಹೋಗ್ತದೆ?” ಎಂದು ಕೇಳಿದ. ಅವನು ಬೈಯಲಿಲ್ಲ. ತನ್ನ ಪ್ಲಾಸ್ಟರು ಹಾಕಿದ ಕೈ ಎತ್ತಿ ತೋರಿಸಿದ. “ಉಪ್ಪೇ ಬೇಡ ಅಂತ ನಾನೂ ಹೇಳುವ ಹಾಗಿಲ್ಲ. ಅವತ್ತು ಸ್ವಲ್ಪ ಹಾಕಿದ್ದರೆ ಈ ಕೈ ಮುರೀತಿರಲಿಲ್ಲ. ನಾಳೆ ನನ್ನೊಟ್ಟಿಗೆ ಬಾ. ಬರೀಲಿಕ್ಕೆ ನನಗೆ ಒಂದು ಕೈ ಬೇಕು.”

ಜೌಗು

ಅವನ ಕೆಲಸ ಜೌಗು ನೋಡಿಕೊಳ್ಳುವುದು. ನಮ್ಮ ಮದಕ ಒಂದು ಅಂಗಳದಷ್ಟಾದರೆ ಇದು ಮಳೆಗಾಲದಲ್ಲಿ ನರಿಕೊಂಬಿನಿಂದ ಕಾಣುವ ನೇತ್ರಾವತಿಯಷ್ಟು ಅಗಲ; ಆದರೆ ಹರಿವಿಲ್ಲ, ಸದ್ದಿಲ್ಲ. ಒಣಗಿದ ಜೊಂಡು, ನಡುನಡುವೆ ಕರಗುತ್ತಿದ್ದ ಮಂಜಿನ ಹಾಳೆ. ರೆಕ್ಕೆಯಲ್ಲಿ ಕೆಂಪು ಪಟ್ಟಿ ಇರುವ ಕಪ್ಪು ಹಕ್ಕಿಗಳು ಜೊಂಡಿನ ತುದಿಯಲ್ಲಿ ಕೂತು ಬೀಗ ತಿರುಗಿಸಿದ ಹಾಗೆ ಕಿರುಗುಟ್ಟುತ್ತಿದ್ದವು. ರಸ್ತೆಯ ಅಂಚಿನಲ್ಲಿ ಗುಬ್ಬಿಯಷ್ಟು ಸಣ್ಣ ಹಕ್ಕಿಗಳು ಉಪ್ಪಿನ ಹರಳನ್ನು ಹೆಕ್ಕುತ್ತಿದ್ದವು. ಜಿಂಕೆಗಳೂ ಉಪ್ಪು ನೆಕ್ಕಲು ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತವೆ ಎಂದ.

ದಡದಲ್ಲಿ ಒಂದು ದೊಡ್ಡ ಮೋರಿ ಜೌಗಿಗೆ ಬಾಯಿ ಬಿಟ್ಟಿತ್ತು. ಮೇಲಿನ ಮನೆಗಳ ಅಂಗಳದ ನೀರೆಲ್ಲ ಅದರಿಂದ ಬೀಳುತ್ತದೆ. ಮಾರ್ಗರೆಟ್ ಅಮ್ಮನ ಮನೆಯೂ ಅಲ್ಲಿಂದ ಕಾಣುತ್ತಿತ್ತು. ಜಗದೀಶ ಎಡಗೈಯಲ್ಲಿ ಉಪ್ಪು ಅಳೆಯುವ ಮೀಟರಿನ ಕಡ್ಡಿಯನ್ನು ನೀರಿಗಿಳಿಸಿ ಅಂಕಿ ಹೇಳುವುದು, ನಾನು ಪುಸ್ತಕದಲ್ಲಿ ಬರೆಯುವುದು. ಜೌಗಿನ ನಡುವಿನ ಅಂಕಿ ಸಣ್ಣದು. ಮೋರಿಯ ಬಾಯಿಗೆ ಬಂದ ಹಾಗೆ ನನಗೆ ಪುಸ್ತಕದ ಚೌಕ ಸಾಲಲಿಲ್ಲ, ಒಂದು ಅಂಕಿ ಹೆಚ್ಚು ಬರೆಯಬೇಕಾಯಿತು.

“ನಮ್ಮಲ್ಲಿ ಮಳೆ ಹೊಡೆದು ತೊಳೆದು ಹಾಕ್ತದೆ,” ಎಂದ. “ಇಲ್ಲಿ ಹಾಗಲ್ಲ. ಪ್ರತಿ ಚಳಿಗಾಲದ್ದು ಮೇಲಿಂದ ಮೇಲೆ ಉಳೀತದೆ. ಉಪ್ಪುನೀರು ಭಾರ, ತಳಕ್ಕೆ ಹೋಗಿ ಕೂತರೆ ಮೇಲಿನ ಗಾಳಿ ಕೆಳಗೆ ಸಿಗುವುದಿಲ್ಲ.”

“ಅದು ಗೊತ್ತುಂಟು. ಡ್ರಮ್ಮಿನಲ್ಲೂ ತಳದ್ದೇ ಕಟು ಇರುವುದು.”

ಒಂದು ಮರದ ಬೇರಿನ ಹತ್ತಿರ ಅವನು ಕೂತು ಕರೆದ. ನೀರಿನೊಳಗೆ ಒಂದು ಕೊಂಬೆಗೆ ಅಂಟಿದ ಕಪ್ಪೆ ಮೊಟ್ಟೆಯ ಗೊಂಚಲು. ಸಬ್ಬಕ್ಕಿ ಪಾಯಸದ ಹಾಗೆ, ಪ್ರತಿ ಕಾಳಿನೊಳಗೆ ಒಂದು ಕಪ್ಪು ಚುಕ್ಕೆ. ಚಳಿಯಲ್ಲಿ ಹೆಪ್ಪುಗಟ್ಟಿ ಮಲಗಿದ್ದ ಕಪ್ಪೆ ಕರಗಿ ಎದ್ದು ಮೊದಲು ಮಾಡುವ ಕೆಲಸ ಇದಂತೆ. ಆಮೇಲೆ ಮೋರಿಯ ಹತ್ತಿರದ ಇನ್ನೊಂದು ಗೊಂಚಲು ತೋರಿಸಿದ. ಅದು ಅದರ ಅರ್ಧದಷ್ಟೂ ಇರಲಿಲ್ಲ. ಬಿಗಿದು, ಮಂಕಾಗಿ, ಮುದ್ದೆಯಾಗಿತ್ತು.

“ಇಟ್ಟ ಮೇಲೆ ನೀರು ಕುಡಿದು ಉಬ್ಬಬೇಕು ಇದು. ಉಪ್ಪು ಇದ್ದಲ್ಲಿ…”

“ಚಿರುಟುತ್ತದೆ,” ಎಂದೆ.

ಅವನು ತಲೆ ಎತ್ತಿ ನೋಡಿದ. ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರನೇ ದಿನ ಡ್ರಮ್ಮಿನ ಮುಚ್ಚಳ ತೆರೆದಾಗ ಮಿಡಿಯ ನೀರನ್ನೆಲ್ಲ ಉಪ್ಪು ಎಳೆದುಕೊಂಡು, ಮಿಡಿ ಚಿರುಟಿ ಕೂತಿರುತ್ತದೆ. ಇಪ್ಪತ್ತು ವರ್ಷದಿಂದ ಅದನ್ನೇ ನೋಡಿಕೊಂಡು ಬಂದವಳು ನಾನು.

“ನಮ್ಮ ಮದಕದಲ್ಲಿ ಸತ್ತದ್ದೂ ಹೀಗೆಯೇ ಇತ್ತು,” ಎಂದ. “ಅದು ಪೊರ್ಬುಗಳ ಆಸಿಡ್ಡಿಗೆ.”

ನಾನು ಪುಸ್ತಕ ಮಡಚಿದೆ. “ಅದು ಆಸಿಡ್ ಅಲ್ಲ ಜಗ್ಗ. ನನ್ನ ಉಪ್ಪುನೀರು. ಹದಿನಾಲ್ಕು ಡ್ರಮ್ಮು. ತೆಂಗಿನ ಬುಡಕ್ಕೆ ಹೊಯ್ಯಲಿಲ್ಲ, ತೋಡಿಗೆ ಬಿಟ್ಟೆ. ಹೊರಲಿಕ್ಕೆ ಆಗಲಿಲ್ಲ ನನಗೆ.”

ಶೂಸಿನೊಳಗೆ ನೀರು ಹೋಗುತ್ತಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ. ಆಮೇಲೆ ಮೀಟರನ್ನು ನೀರಿಗೆ ಇಳಿಸಿದ.

“ಬರಿ,” ಎಂದು ಅಂಕಿ ಹೇಳಿದ.

ಬರೆದೆ. ಮತ್ತೆ ಒಂಬತ್ತು ಕಡೆ ನಿಂತೆವು.

ಮಾತಿಲ್ಲದ ದಿನಗಳು

ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಅಂಗಿಯ ಗುಂಡಿ ಹಾಕಲು ಮಾತ್ರ ಎದುರು ಬಂದು ನಿಲ್ಲುತ್ತಿದ್ದ, ಗೋಡೆ ನೋಡುತ್ತಿದ್ದ. ಇಷ್ಟು ದೂರ ಬಂದು, ನೆಲದೊಳಗಿನ ಒಂದು ಕೋಣೆಯಲ್ಲಿ, ಇಬ್ಬರೇ ಇರುವಾಗ ಮಾತು ನಿಂತರೆ ಹೋಗಲು ಬೇರೆ ಜಾಗವೂ ಇಲ್ಲ. ನಾನು ಹೊರಗೆ ಹೋಗಿ ಅಂಗಳದಲ್ಲಿ ಉಳಿದಿದ್ದ ಉಪ್ಪಿನ ಹರಳುಗಳನ್ನು ಗುಡಿಸಿ ಚೀಲಕ್ಕೆ ತುಂಬಿದೆ. ಮಾರ್ಗರೆಟ್ ಅಮ್ಮನೂ ಕೋಲೂರಿಕೊಂಡು ಬಂದು ಮೊರದಂಥದ್ದೊಂದನ್ನು ಹಿಡಿದು ನಿಂತರು. ಅವರ ಮಾತು ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ. ಆ ಎರಡು ದಿನ ನನ್ನೊಡನೆ ಮಾತಾಡಿದವರು ಅವರೊಬ್ಬರೇ.

ಮೂರನೇ ದಿನ ಊಟಕ್ಕೆ ಕೂತಾಗ ಜಗದೀಶ ಬಾಯಿ ಬಿಟ್ಟ.

“ಡೈರಿ ಎದುರು ನಾನು ಬೈದ ಮೇಲೆ ಪಂಚಾಯತಿನವರು ಪೊರ್ಬುಗಳ ಶೆಡ್ಡಿಗೆ ವಿಚಾರಣೆಗೆ ಹೋದ್ದು ಗೊತ್ತುಂಟಾ ನಿನಗೆ?”

“ಗೊತ್ತುಂಟು.”

“ಆಗಲೂ ಹೇಳ್ಲಿಲ್ಲ ನೀನು.”

“ಇಲ್ಲ.”

“ಕಳೆದ ಸಲ ಊರಿಗೆ ಬಂದಾಗ ಅವರು ನನ್ನನ್ನು ನೋಡಿ ದಾರಿ ಬಿಟ್ಟು ನಿಂತರು ಅಕ್ಕ. ಅಪ್ಪನ ಪ್ರಾಯದವರು. ನಾನು ಮುಖ ತಿರುಗಿಸಿ ಹೋದೆ.” ಅವನು ಎಡಗೈಯಿಂದ ಅನ್ನ ಕಲಸುವುದನ್ನು ನಿಲ್ಲಿಸಿದ. “ಎಲ್ಲ ನಿನ್ನ ಮೇಲೆ ಹಾಕುವುದಿಲ್ಲ. ಒಂದು ಬಾಟ್ಲಿ ನೀರು ತೆಗೆದು ಉಪ್ಪು ಉಂಟಾ ಅಂತ ನೋಡಿದ್ದರೆ ಅವತ್ತೇ ಗೊತ್ತಾಗ್ತಿತ್ತು. ನೋಡ್ಲಿಲ್ಲ. ಆಸಿಡ್ ಅಂತ ತೀರ್ಮಾನ ಮಾಡಿಯೇ ಡೈರಿಗೆ ಹೋದದ್ದು ನಾನು.”

“ನಾನು ಪ್ರತಿ ವರ್ಷ ತಪ್ಪುಕಾಣಿಕೆ ಹಾಕ್ತೇನೆ ಜಗ್ಗ.”

“ದೇವರನ್ನು ಡೈರಿ ಎದುರು ನಿಲ್ಲಿಸಿ ಬೈದದ್ದಲ್ಲವಲ್ಲ ನಾನು.”

ಈಗಲೇ ಪೊರ್ಬುಗಳಿಗೆ ಫೋನು ಮಾಡುತ್ತೇನೆ, ನಂಬರು ಉಂಟು ಎಂದೆ. ಅವನು ತಲೆ ಅಲ್ಲಾಡಿಸಿದ. “ಫೋನು ಬೇಡ. ಹೋಗಿ ಎದುರು ನಿಂತು ಹೇಳು. ನನ್ನದು ನಾನು ಡಿಸೆಂಬರಿಗೆ ಬಂದು ಹೇಳ್ತೇನೆ, ಅದೇ ಡೈರಿಯ ಎದುರು.”

ಪ್ಲಾಸ್ಟರು ಬಿಚ್ಚುವವರೆಗೆ ಇದ್ದೆ. ಅಷ್ಟರಲ್ಲಿ ಹಿಮ ಪೂರ್ತಿ ಕರಗಿ ಜೊಂಡಿನ ಬುಡದಲ್ಲಿ ಹಸಿರು ಕಂಡಿತು. ಇನ್ನೆರಡು ಸಲ ಜೌಗಿಗೆ ಹೋಗಿ ಅಂಕಿ ಬರೆದೆ. ದೂರದ ಗೊಂಚಲಿನ ಮೊಟ್ಟೆಗಳು ಒಡೆದು ಗೊದಮೊಟ್ಟೆಗಳು ಓಡಾಡುತ್ತಿದ್ದವು. ಮೋರಿಯ ಹತ್ತಿರದ್ದು ಬಿಳಿಚಿಕೊಂಡು ತೇಲುತ್ತಿತ್ತು. ಅದರಲ್ಲಿ ನನ್ನ ಚೀಲದ ಪಾಲು ಎಷ್ಟು, ರಸ್ತೆಯದ್ದು ಎಷ್ಟು ಎಂದು ಕೇಳಿದೆ. ಹಾಗೆ ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂದ.

ಮೂಡಬಿದಿರೆ

ವಿಮಾನ ಇಳಿದು ಮೂಡಬಿದಿರೆಗೆ ಬರುವಾಗ ಮಧ್ಯಾಹ್ನ. ಬಿಸಿಲು ಮೈಮೇಲೆ ಕಂಬಳಿ ಎಸೆದ ಹಾಗೆ. ನಾರಾವಿ ಬಸ್ಸಿಗೆ ಕಾಯುವಾಗ ಒಬ್ಬರು ನನ್ನ ಕಾಲು ತುಳಿದು, “ಎಂತಕ್ಕ, ದಾರಿಗೆ ಅಡ್ಡ ಪೆಟ್ಟಿಗೆ ಇಡುವುದಾ?” ಎಂದು ನನಗೇ ಗದರಿಸಿದರು. ಊರಿಗೆ ಬಂದೆ ಎಂದು ಗೊತ್ತಾಯಿತು. ಬಸ್ಸಿನಲ್ಲಿ ಪರಿಚಯದವರು ಕೆನಡಾ ಹೇಗುಂಟು, ಅಲ್ಲಿ ಕುಚ್ಚಲಕ್ಕಿ ಸಿಗ್ತದಾ ಎಂದು ಕೇಳುತ್ತಿದ್ದರು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಜೋಡಿಸಿದಷ್ಟೂ ಅದು ಉದ್ದವಾಗುತ್ತಿತ್ತು; ನನ್ನ ಬೆನ್ನುನೋವು, ಗುಡ್ಡ, ಮಾರ್ಚಿನ ಬಿಸಿಲು ಎಲ್ಲ ಅದರೊಳಗೆ ಬಂದು ಸೇರುತ್ತಿದ್ದವು.

ನಾರಾವಿ

ಮನೆಗೆ ಹೋಗದೆ ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟು ತೋಡು ದಾಟಿದೆ. ಆರು ವರ್ಷದಿಂದ ಆ ಸಂಕ, ತೋಡಿನ ಮೇಲಿನ ಕಾಲುಸೇತುವೆ, ದಾಟಿರಲಿಲ್ಲ. ಲಾಜರ್ ಪೊರ್ಬುಗಳು ಶೆಡ್ಡಿನಲ್ಲಿರಲಿಲ್ಲ. ಹಿಂದಿನ ಗುಡ್ಡದ ದಾರಿಯಲ್ಲಿ, ಎರಡು ಕೈಯಲ್ಲಿ ಎರಡು ಬಾಲ್ದಿ ಹಿಡಿದು, ಹತ್ತು ಹೆಜ್ಜೆಗೊಮ್ಮೆ ಕೆಳಗಿಟ್ಟು ಉಸಿರು ತೆಗೆದುಕೊಳ್ಳುತ್ತಾ ಹತ್ತುತ್ತಿದ್ದರು. ಎಪ್ಪತ್ತರ ಮೇಲಿನ ಪ್ರಾಯ. ನನ್ನನ್ನು ಕಂಡು ನಿಂತರು.

“ವಾರಿಜ ಅಲ್ಲವಾ? ಯಾವಾಗ ಬಂದದ್ದು? ತಮ್ಮನ ಕೈ ಹೇಗುಂಟು?”

“ಗುಣ ಆಗಿದೆ. ಇದೆಂತ ಪೊರ್ಬುಗಳೇ, ನೀರು ಮೇಲಕ್ಕೆ?”

“ಶೀಟಿನ ನೀರು. ಮೇಲೆ ಒಂದು ಗುಂಡಿ ತೋಡಿದ್ದೇನೆ, ಸುಣ್ಣ ಹಾಕಿ. ತೋಡಿಗೆ ಬಿಡುವುದಿಲ್ಲ ಈಗ. ಆ ಕಪ್ಪೆ ಸತ್ತ ವರ್ಷದಿಂದ ಒಂದು ಹನಿ ಬಿಡಲಿಲ್ಲ.” ಅವರು ಅಂಗಿಯ ತೋಳಿನಿಂದ ಮುಖ ಒರೆಸಿದರು. “ನಿನ್ನ ತಮ್ಮ ಹೇಳಿದ್ದು ನ್ಯಾಯವೇ. ಹುಡುಗನ ಓದು ನನ್ನಿಂದ ಹಾಳಾಯಿತಲ್ಲ ಅಂತ ನನಗೂ ಬೇಜಾರು ಉಂಟು. ಅವನು ಬಂದರೆ ಹೇಳು, ಪೊರ್ಬುಗಳು ಈಗ ನೀರನ್ನು ಮೇಲೆ ಹೊರ್ತಾರೆ ಅಂತ.”

ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ಉಳಿಯಲಿಲ್ಲ. ಬಾಲ್ದಿಯ ಹಿಡಿಗೆ ಅವರು ಹಳೆ ಬಟ್ಟೆ ಸುತ್ತಿದ್ದರು. ನಾನು ಕೈ ಹಾಕಿದೆ. ಬೇಡ, ನಿನಗೆ ಬೆನ್ನುನೋವು ಎಂದರು. ಆಗ ಹೇಳಿದೆ. ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿತು.

“ಕಪ್ಪೆ ಸತ್ತದ್ದು ನಿಮ್ಮ ನೀರಿಗಲ್ಲ ಪೊರ್ಬುಗಳೇ, ನನ್ನ ಉಪ್ಪುನೀರಿಗೆ. ತೋಡಿಗೆ ಬಿಟ್ಟದ್ದು ನಾನು. ಗೊತ್ತಿದ್ದೂ ನಿಮ್ಮ ಮೇಲೆ ಬೀಳಲಿಕ್ಕೆ ಬಿಟ್ಟೆ, ಆರು ವರ್ಷ ಬಾಯಿ ಮುಚ್ಚಿ ಕೂತೆ. ನನ್ನಿಂದ ತಪ್ಪಾಯಿತು. ನನ್ನನ್ನು ಕ್ಷಮಿಸಿ.”